ಪಿಡಿಎಫ್‌ನಲ್ಲಿ ಒತ್ತಕ್ಷರ ಕಳಚಿ ಬೀಳುತ್ತಿವೆ, ಯಾವ ಫಾಂಟ್ ಹಾಕಿದರೂ ಅಷ್ಟೇ

ಗುಣಿತಗೊಂದಲ:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಯಾರಾದರೂ ದಾರಿ ತೋರಿಸಿ.

ಒಂದು ತರಬೇತಿ ಮುಗಿಸಿದವರಿಗೆ ಪ್ರಮಾಣಪತ್ರ ಕೊಡಬೇಕು. ಸುಮಾರು 900 ಹೆಸರು ಎಕ್ಸೆಲ್ ಹಾಳೆಯಲ್ಲಿವೆ. ಪೈಥಾನ್‌ನಲ್ಲಿ ಎಫ್‌ಪಿಡಿಎಫ್2 ಎಂಬ ಲೈಬ್ರರಿ ಬಳಸಿ ಒಬ್ಬೊಬ್ಬರಿಗೂ ಒಂದೊಂದು ಪಿಡಿಎಫ್ ಮಾಡುವ ಸಣ್ಣ ಸ್ಕ್ರಿಪ್ಟ್ ಬರೆದೆ. ಇಂಗ್ಲಿಷ್‌ನಲ್ಲಿ ಚೆನ್ನಾಗಿ ಬಂತು. ಕನ್ನಡ ಹಾಕಿದ ಕೂಡಲೇ ಎಲ್ಲಾ ಎಡವಟ್ಟು.

"ರಾಷ್ಟ್ರೀಯ" ಅಂತ ಕೊಟ್ಟರೆ "ರಾಷ್‌ಟ್‌ರೀಯ" ಎನ್ನುವ ಥರ ಬರುತ್ತದೆ. ಒತ್ತು ಕೆಳಗೆ ಹೋಗುವುದೇ ಇಲ್ಲ, ಅಕ್ಷರಗಳು ಸಾಲಾಗಿ ನಿಂತುಬಿಡುತ್ತವೆ. "ಸೂರ್ಯ"ದಲ್ಲಿ ಅರ್ಕಾವತ್ತು ಮಾಯ, "ಸೂರ್‌ಯ" ಆಗಿದೆ. "ಕಿ" ಬರೆದರೆ ತಲೆಕಟ್ಟು ಹಾಗೇ ಇರುವ ಕ, ಅದರ ಮೇಲೆ ಗುಡಿಸು ಬಿದ್ದುಕೊಂಡಿದೆ. ಕೆಳಗೆ ಒಂದು ಸಾಲು ಹಿಂದಿಯೂ ಇದೆ, ಅಲ್ಲಿ ಇನ್ನೊಂದು ಅವತಾರ: ಅಕ್ಷರದ ಎಡಕ್ಕೆ ಬರಬೇಕಾದ ಹ್ರಸ್ವ ಇಕಾರ ಬಲಕ್ಕೆ ಹೋಗಿ ಕೂತಿದೆ.

ನೋಟೋ ಸಾನ್ಸ್ ಕನ್ನಡ, ಲೋಹಿತ್, ತುಂಗಾ, ಗುಬ್ಬಿ, ಎಲ್ಲಾ ಹಾಕಿ ನೋಡಿದೆ. ಒಂದೊಂದರಲ್ಲಿ ಒಂದೊಂದು ಥರ ಕೆಟ್ಟದಾಗಿದೆ, ಸರಿಯಾಗಿರುವುದು ಒಂದೂ ಇಲ್ಲ. ಎನ್ಕೋಡಿಂಗ್ ಯುಟಿಎಫ್-8, ಅದನ್ನು ಎರಡು ಸಲ ನೋಡಿದ್ದೇನೆ. ಅದೇ ಹೆಸರು ಎಕ್ಸೆಲ್‌ನಲ್ಲಿ, ಬ್ರೌಸರ್‌ನಲ್ಲಿ, ಮೊಬೈಲ್‌ನಲ್ಲಿ ಮುತ್ತಿನಂತೆ ಕಾಣುತ್ತದೆ. ಇನ್ನೊಂದು ವಿಚಿತ್ರ ಏನೆಂದರೆ ಹೆಸರನ್ನು ನಡುವಿಗೆ ಇಡು ಎಂದು ಹೇಳಿದ್ದೇನೆ, ಆದರೆ ಒತ್ತು ಜಾಸ್ತಿ ಇರುವ ಹೆಸರುಗಳು ನೋಡಿದ ಕೂಡಲೇ ಗೊತ್ತಾಗುವಷ್ಟು ಉದ್ದವಾಗಿವೆ.

ಪಕ್ಕದಲ್ಲಿ ಕೆಲಸ ಮಾಡುವವರು "ಪಿಡಿಎಫ್‌ಗೆ ಕನ್ನಡ ಬರುವುದಿಲ್ಲ, ಹೆಸರನ್ನು ಚಿತ್ರ ಮಾಡಿ ಅಂಟಿಸು" ಎನ್ನುತ್ತಿದ್ದಾರೆ. ನಿಜವಾ? ಇಲ್ಲಾ ಎಲ್ಲಾ ಒತ್ತಕ್ಷರ ಇರುವ ಬೇರೆ ಫಾಂಟ್ ಏನಾದರೂ ಇದೆಯಾ?

ಹಳೇಕೀಲಿ:

ಇಷ್ಟಕ್ಕೆಲ್ಲ ಮೂರು ದಿನ ಯಾಕೆ ಕಳೆದಿರಿ? ನುಡಿಯ ಹಳೇ ಆಸ್ಕಿ ಫಾಂಟ್ ತೆಗೆದುಕೊಳ್ಳಿ. ಯುನಿಕೋಡ್ ಹೆಸರುಗಳನ್ನು ಕನ್ವರ್ಟರ್‌ನಲ್ಲಿ ಹಾಕಿ ಆಸ್ಕಿಗೆ ತನ್ನಿ, ಆ ಫಾಂಟ್ ಕೊಟ್ಟು ಬರೆಯಿರಿ. ಒಂದು ಒತ್ತೂ ಕದಲುವುದಿಲ್ಲ. ನಾವು ಡಿಟಿಪಿಯಲ್ಲಿ ಇಷ್ಟು ವರ್ಷ ಪುಸ್ತಕಗಟ್ಟಲೆ ಹೀಗೇ ಮಾಡಿದ್ದು, ಯಾರೂ ತಪ್ಪು ಅಂದಿಲ್ಲ.

ತಲೆಕಟ್ಟು:

ಮೊದಲು ಪ್ರಶ್ನೆ ಕೇಳಿದವರಿಗೆ. ಫಾಂಟ್ ಹುಡುಕುವುದನ್ನು ಇವತ್ತೇ ನಿಲ್ಲಿಸಿ. ನೀವು ಹೇಳಿದ ನಾಲ್ಕೂ ಫಾಂಟ್‌ಗಳಲ್ಲಿ ಒತ್ತಕ್ಷರ ಇವೆ. ಅವನ್ನು ಎತ್ತಿ ಜೋಡಿಸುವವರು ನಿಮ್ಮ ಸ್ಕ್ರಿಪ್ಟ್‌ನಲ್ಲಿ ಇಲ್ಲ.

ಯುನಿಕೋಡ್‌ನಲ್ಲಿ "ಷ್ಟ್ರೀ" ಎನ್ನುವುದಕ್ಕೆ ಅಂತ ಒಂದು ಸಂಖ್ಯೆ ಇಲ್ಲ. ಅಲ್ಲಿ ಇರುವುದು ಷ, ಹಲಂತ (ಸ್ವರ ಕಳೆಯುವ ಚಿಹ್ನೆ), ಟ, ಹಲಂತ, ರ, ದೀರ್ಘ ಈಕಾರ, ಒಟ್ಟು ಆರು ಸಂಕೇತ. ಫಾಂಟ್ ಫೈಲಿನ ಒಳಗೆ ಅಕ್ಷರದ ಚಿತ್ರಗಳು ಇರುತ್ತವೆ, ಅವನ್ನು ಗ್ಲಿಫ್ ಎನ್ನುತ್ತಾರೆ. ಅದರ ಜೊತೆಗೆ ಜಿಸಬ್, ಜಿಪಾಸ್ ಎಂಬ ಎರಡು ಕೋಷ್ಟಕಗಳಿರುತ್ತವೆ. ಹಲಂತ ಬಂದು ಅದರ ನಂತರ ಟ ಬಂದರೆ ಆ ಎರಡನ್ನೂ ತೆಗೆದು ಟ-ಒತ್ತಿನ ಚಿತ್ರ ಹಾಕು, ಕ ಆದ ಮೇಲೆ ಗುಡಿಸು ಬಂದರೆ ತಲೆಕಟ್ಟು ತೆಗೆದ "ಕಿ" ಹಾಕು, ಇಂಥ ಚಿತ್ರವನ್ನು ಇಷ್ಟು ಕೆಳಗೆ ಇಷ್ಟು ಎಡಕ್ಕೆ ಸರಿಸು, ಹೀಗೆ ನೂರಾರು ನಿಯಮ ಅದರಲ್ಲಿ. ಈ ನಿಯಮಗಳನ್ನು ಓದಿ ಜಾರಿಗೆ ತರುವ ತಂತ್ರಾಂಶಕ್ಕೆ ಶೇಪಿಂಗ್ ಎಂಜಿನ್ ಎಂದು ಹೆಸರು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರ ಹೊಟ್ಟೆಯಲ್ಲೂ ಹಾರ್ಫ್‌ಬಝ್ ಎಂಬ ಒಂದೇ ಎಂಜಿನ್ ಕೂತಿದೆ. ಅದಕ್ಕೇ ಅಲ್ಲೆಲ್ಲಾ ಮುತ್ತಿನಂತೆ ಕಂಡದ್ದು.

ಪಿಡಿಎಫ್ ವಿಷಯಕ್ಕೆ ಬರೋಣ. ಹಿಂದೆ ಅಚ್ಚುಮೊಳೆ ಇದ್ದ ಕಾಲದಲ್ಲಿ ಮೊಳೆ ಜೋಡಿಸುವವರು ಒತ್ತಿನ ಮೊಳೆ ಹುಡುಕಿ ಅಕ್ಷರದ ಬುಡಕ್ಕೆ ಇಟ್ಟು ಕೊಡುತ್ತಿದ್ದರು, ಯಂತ್ರ ಸುಮ್ನೆ ಒತ್ತುತ್ತಿತ್ತು. ಪಿಡಿಎಫ್ ಎಂದರೆ ಆಗಲೇ ಒತ್ತಿ ಮುಗಿದ ಹಾಳೆ. ಅದರಲ್ಲಿ ಬರೆದಿರುವುದು "ಈ ಫಾಂಟಿನ 214ನೇ ಗ್ಲಿಫ್ ಇಲ್ಲಿಡು, 87ನೆಯದು ಅದರ ಪಕ್ಕಕ್ಕೆ" ಎಂಬಷ್ಟೇ. ಪಿಡಿಎಫ್ ತೆರೆಯುವ ತಂತ್ರಾಂಶ ಜಿಸಬ್ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಹಾಗಾಗಿ ಜೋಡಣೆ ಎಲ್ಲಾ ಪಿಡಿಎಫ್ ಬರೆಯುವಾಗಲೇ ಮುಗಿದಿರಬೇಕು. ನಿಮ್ಮ ಸ್ಕ್ರಿಪ್ಟ್ ಒಂದು ಸಂಕೇತಕ್ಕೆ ಒಂದು ಗ್ಲಿಫ್ ಎಂದು ಸಾಲಾಗಿ ಬರೆದುಬಿಟ್ಟಿದೆ. ಇಂಗ್ಲಿಷ್‌ಗೆ ಅಷ್ಟು ಸಾಕು, ನಮಗೆ ಸಾಲದು. ಪಿಡಿಎಫ್‌ಗೆ ಕನ್ನಡ ಬರುವುದಿಲ್ಲ ಎಂದವರಿಗೆ ಹೇಳಿ, ಅದಕ್ಕೆ ಇಂಗ್ಲಿಷ್ ಕೂಡ ಬರುವುದಿಲ್ಲ, ಅದಕ್ಕೆ ಬರುವುದು ಗ್ಲಿಫ್ ಸಂಖ್ಯೆ ಮಾತ್ರ.

ಎಫ್‌ಪಿಡಿಎಫ್2ನಲ್ಲಿ ದಾರಿ ಸಲೀಸು. ಯುಹಾರ್ಫ್‌ಬಝ್ ಎಂಬ ಪೈಥಾನ್ ಪ್ಯಾಕೇಜ್ ಬೇರೆಯಾಗಿ ಹಾಕಿಕೊಳ್ಳಿ. ಆಮೇಲೆ ನಿಮ್ಮ ಪಿಡಿಎಫ್ ವಸ್ತುವಿನ ಮೇಲೆ "ಸೆಟ್ ಟೆಕ್ಸ್ಟ್ ಶೇಪಿಂಗ್" ಎಂಬ ಫಂಕ್ಷನ್ ಕರೆದು ಅದಕ್ಕೆ ಟ್ರೂ ಕೊಡಿ (ಪದಗಳ ನಡುವೆ ಅಂಡರ್‌ಸ್ಕೋರ್, ಎಲ್ಲಾ ಸಣ್ಣಕ್ಷರ). ತಾನಾಗಿ ಅದು ಆನ್ ಆಗಿರುವುದಿಲ್ಲ. ಒಂದೇ ಸಾಲಿನ ಬದಲಾವಣೆ. ಉದ್ದವಾಗಿ ಬಂದ ಹೆಸರುಗಳೂ ಇದರಿಂದಲೇ ಸರಿಹೋಗುತ್ತವೆ, ಏಕೆಂದರೆ ಈಗ ಹಲಂತ, ರ, ಟ ಎಲ್ಲಕ್ಕೂ ಬೇರೆ ಬೇರೆ ಅಗಲ ಕೂಡಿಸುತ್ತಾ ಹೋಗಿದೆ. ಜೋಡಿಸಿದ ಮೇಲೆ ಒತ್ತುಗಳೆಲ್ಲ ಬುಡಕ್ಕೆ ಇಳಿಯುತ್ತವೆ, ಹೆಸರು ಗಿಡ್ಡವಾಗುತ್ತದೆ.

ಹಿಂದಿ ಸಾಲಿಗೆ ದೇವನಾಗರಿ ಫಾಂಟ್ ಬೇರೆ ಕೊಡಿ. ಅರ್ಕಾವತ್ತು ಮತ್ತು ಆ ಇಕಾರ ಎರಡೂ ಒಂದೇ ಜಾತಿಯ ಸಮಸ್ಯೆ. ಬರೆಯುವ ಕ್ರಮ ಒಂದು, ಕಾಣುವ ಕ್ರಮ ಇನ್ನೊಂದು. "ಸೂರ್ಯ"ದಲ್ಲಿ ರ್ ಮೊದಲು, ಯ ಆಮೇಲೆ. ಆದರೆ ಕಾಗದದ ಮೇಲೆ ಯ ಮೊದಲು, ಅರ್ಕಾವತ್ತು ಅದರ ಬಲಕ್ಕೆ. ಹಿಂದಿಯಲ್ಲಿ ಅದೇ ರ್ ಅಕ್ಷರದ ತಲೆಯ ಮೇಲೆ ಏರುತ್ತದೆ. ಯಾವ ಲಿಪಿಯಲ್ಲಿ ಯಾವುದು ಎಲ್ಲಿಗೆ ಹೋಗಬೇಕು ಎನ್ನುವ ಬುದ್ಧಿ ಅರ್ಧ ಫಾಂಟ್‌ನಲ್ಲಿ, ಇನ್ನರ್ಧ ಎಂಜಿನ್‌ನಲ್ಲಿ ಇದೆ. ಅದಕ್ಕೇ ಬರೀ ಫಾಂಟ್ ಬದಲಿಸಿ ಗೆಲ್ಲಲಾಗುವುದಿಲ್ಲ.

ಅಂದಹಾಗೆ, ಚಿತ್ರ ಮಾಡಿ ಅಂಟಿಸಿದರೂ ಇದೇ ರಗಳೆ. ಪೈಥಾನ್‌ನ ಪಿಲ್ಲೋ ಎಂಬ ಚಿತ್ರ ಮಾಡುವ ಪ್ಯಾಕೇಜ್‌ನಲ್ಲಿ ರಾಕ್ಮ್ ಎಂಬ ಲೈಬ್ರರಿ ಸೇರಿರದಿದ್ದರೆ ಚಿತ್ರದಲ್ಲೂ "ರಾಷ್‌ಟ್‌ರೀಯ"ವೇ ಬರುತ್ತದೆ. ಆಮೇಲೆ ಅದನ್ನು ದೊಡ್ಡದು ಮಾಡಿದರೆ ಅಂಚು ಮಸುಕಾಗುವುದು ಬೇರೆ.

ಹಳೇಕೀಲಿ ಅವರೇ, ನೀವು ಹೇಳಿದ್ದು ಕಾಗದದ ಮೇಲೆ ಚೆನ್ನಾಗಿಯೇ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆಸ್ಕಿ ಫಾಂಟ್‌ನಲ್ಲಿ ಪ್ರತಿ ಒತ್ತೂ ಒಂದೊಂದು ಕೀಲಿಯ ಜಾಗದಲ್ಲಿ ಕೂತಿರುತ್ತದೆ, ಜೋಡಣೆ ಟೈಪ್ ಮಾಡುವಾಗಲೇ ಮುಗಿದಿರುತ್ತದೆ. ಆದರೆ ಫೈಲಿನ ಒಳಗೆ ಇರುವುದು ಕನ್ನಡವೇ ಅಲ್ಲವಲ್ಲ. ಅಲ್ಲಿ ನ ಎಂದರೆ ಪೌಂಡ್ ಚಿಹ್ನೆ, ಅದರ ಪಕ್ಕ ಒಂದು ಯುರೋಪಿನ ಅಕ್ಷರ. ಫಾಂಟ್ ಇಲ್ಲದ ಕಡೆ ಕಾಪಿ ಮಾಡಿದರೆ ಕಸ, ಹುಡುಕಿದರೆ ಸಿಗದು, ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಿಂದ ಓದಿಸಿದರೆ ಏನೂ ಅರ್ಥವಾಗದು. ಪ್ರಮಾಣಪತ್ರವನ್ನು ಹತ್ತು ವರ್ಷದ ಮೇಲೆ ಹೆಸರಿನಿಂದ ಹುಡುಕಬೇಕಾದರೆ ಯಾರಿಗೆ ತಲೆನೋವು?

ಹಳೇಕೀಲಿ:

ಮುದ್ರಣಕ್ಕೆ ಮಾತ್ರ ಎಂದುಕೊಂಡು ಹೇಳಿದೆ. ಹುಡುಕುವ ಮಾತು ಬಂದರೆ ನಿಮ್ಮದೇ ಸರಿ. ನಮ್ಮ ಹಳೇ ಫೈಲುಗಳನ್ನು ಯುನಿಕೋಡ್‌ಗೆ ತರುವಾಗ ನಾನೂ ಕಷ್ಟ ಪಟ್ಟಿದ್ದೇನೆ. ಅಲ್ಲಿ ಅರ್ಕಾವತ್ತು ಕಾಣುವ ಜಾಗದಲ್ಲೇ, ಅಂದರೆ ಅಕ್ಷರ ಆದ ಮೇಲೆ ಇರುತ್ತದೆ. ಕನ್ವರ್ಟರ್ ಅದನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ಇಡಬೇಕು. ಅರೆಬರೆ ಕನ್ವರ್ಟರ್‌ಗಳು "ಕಾರ್ಯ"ವನ್ನು "ಕಾಯರ್" ಮಾಡುತ್ತವೆ.

ಬ್ರೌಸರ್‌ಭಕ್ತ:

ನಾನಾಗಿದ್ದರೆ ಇಷ್ಟೆಲ್ಲ ಒಳಗೆ ಇಳಿಯುತ್ತಲೇ ಇರಲಿಲ್ಲ. ಎಚ್‌ಟಿಎಂಎಲ್ ಬರೆಯಿರಿ, ಸಿಎಸ್‌ಎಸ್‌ನಲ್ಲಿ ಅಂದ ಮಾಡಿ, ತೆರೆ ಇಲ್ಲದೆ ಓಡುವ ಕ್ರೋಮ್‌ಗೆ ಪಪೆಟಿಯರ್ ಎಂಬ ಕೋಡ್ ಲೈಬ್ರರಿಯಿಂದ ಹೇಳಿ ಪಿಡಿಎಫ್ ಮಾಡಿಸಿ. ಬ್ರೌಸರ್‌ನಲ್ಲಿ ಮುತ್ತಿನಂತೆ ಕಾಣುತ್ತದೆ ಎಂದು ನೀವೇ ಹೇಳಿದಿರಲ್ಲ, ಆ ಮುತ್ತೇ ಪಿಡಿಎಫ್‌ಗೆ ಬರುತ್ತದೆ. ಅಂಚಿನ ಚಿತ್ರ, ಸಹಿ, ಮೊಹರು, ಎಲ್ಲಾ ಸಿಎಸ್‌ಎಸ್‌ನಲ್ಲಿ ಆಟದಷ್ಟು ಸುಲಭ. ಕ್ರೋಮ್ ಭಾರ ಅನ್ನಿಸಿದರೆ ಪೈಥಾನ್‌ನಲ್ಲೇ ವೀಸಿಪ್ರಿಂಟ್ ಇದೆ, ಅದು ಪ್ಯಾಂಗೋ ಮೂಲಕ ಅದೇ ಹಾರ್ಫ್‌ಬಝ್ ಬಳಸುತ್ತದೆ. ಹಳೇ ಲೇಖನಗಳಲ್ಲಿ ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್ ಬಳಸಿ ಎಂದು ಬರೆದಿರುತ್ತಾರೆ, ಅದರ ಕೆಲಸ ನಿಂತು ಹೋಗಿದೆ, ಹೊಸದಾಗಿ ಶುರು ಮಾಡುವವರು ಅದನ್ನು ಮುಟ್ಟಬೇಡಿ.

ಈ ದಾರಿಯಲ್ಲಿ ಎರಡು ಗುಂಡಿಗಳಿವೆ, ಎರಡರಲ್ಲೂ ನಾನು ಬಿದ್ದಿದ್ದೇನೆ. ಒಂದು, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಫಾಂಟ್ ಇರುತ್ತದೆ, ಸರ್ವರ್‌ನ ಡಾಕರ್ ಕಂಟೇನರ್‌ನಲ್ಲಿ (ಪ್ರೋಗ್ರಾಂ ಓಡುವ ಪ್ರತ್ಯೇಕ ಪೆಟ್ಟಿಗೆಯಲ್ಲಿ) ಇರುವುದಿಲ್ಲ, ಅಲ್ಲಿ ಹೆಸರಿನ ಬದಲು ಸಾಲಾಗಿ ಚೌಕದ ಡಬ್ಬಿಗಳು ಬರುತ್ತವೆ. ಡಬ್ಬಿ ಬಂದರೆ ಫಾಂಟ್ ಇಲ್ಲ ಎಂದು ಅರ್ಥ, ಅಕ್ಷರ ಬಂದು ಒತ್ತು ಕಳಚಿದ್ದರೆ ಶೇಪಿಂಗ್ ಇಲ್ಲ ಎಂದು ಅರ್ಥ. ಇವೆರಡನ್ನು ಒಂದೇ ಎಂದುಕೊಂಡು ದಿನಗಟ್ಟಲೆ ತಪ್ಪು ಕಡೆ ಅಗೆಯುವವರು ತುಂಬಾ ಜನ. ಎರಡನೆಯದು, ವೆಬ್‌ಫಾಂಟ್ ಹಾಕಿದ್ದರೆ ಅದು ಇಳಿಯುವ ಮೊದಲೇ ಪಿಡಿಎಫ್ ಆಗಿಬಿಡಬಹುದು. ಪುಟದಲ್ಲಿ ಫಾಂಟ್‌ಗಳೆಲ್ಲ ರೆಡಿ ಆಗುವವರೆಗೆ ಕಾಯುವಂತೆ ಹೇಳಿ, ಇಲ್ಲಾ ಫಾಂಟ್ ಫೈಲನ್ನು ಕಂಟೇನರ್‌ನಲ್ಲೇ ಇಟ್ಟುಬಿಡಿ. ಡೆಬಿಯನ್‌ನಲ್ಲಿ ಲೋಹಿತ್, ಗುಬ್ಬಿ, ನವಿಲು ಮೂರೂ ಪ್ಯಾಕೇಜ್ ಆಗಿ ಸಿಗುತ್ತವೆ.

ತಲೆಕಟ್ಟು:

ಬ್ರೌಸರ್ ದಾರಿಗೆ ನನ್ನ ವಿರೋಧವಿಲ್ಲ. ಆದರೆ ಆಗಲೇ ಕೆಲಸ ಮಾಡುತ್ತಿರುವ ಸ್ಕ್ರಿಪ್ಟ್ ಇರುವಾಗ ಒಂದು ಸಾಲು ಸೇರಿಸುವುದು ಬಿಟ್ಟು ಇಡೀ ಕ್ರೋಮ್ ಎಳೆದು ತರುವುದು ಯಾಕೆ? ಇದೊಂದು ಸಲ ಸಾಲು ಸೇರಿಸಿ ನೋಡಲಿ.

ಗುಣಿತಗೊಂದಲ:

ತಲೆಕಟ್ಟು ಸರ್, ಓದಿ ಖುಷಿಯಾಯಿತು, ಈಗ ಅರ್ಥವಾಯಿತು. ಆದರೆ ಆ ಸಾಲು ಸೇರಿಸಿದರೆ ಅಂಥ ಫಂಕ್ಷನ್ನೇ ಇಲ್ಲ ಎಂದು ಬೈಯುತ್ತಿದೆ. ಯುಹಾರ್ಫ್‌ಬಝ್ ಹಾಕಿದ್ದೇನೆ, ಎಫ್‌ಪಿಡಿಎಫ್2 ಕೂಡ ಹೊಸದೇ.

ತಲೆಕಟ್ಟು:

ನೀವು ಹಿಂದೆ ಯಾವಾಗಲೋ "2" ಇಲ್ಲದ ಹಳೇ ಎಫ್‌ಪಿಡಿಎಫ್ ಹಾಕಿಕೊಂಡಿರುತ್ತೀರಿ. ಎರಡನ್ನೂ ಕೋಡ್‌ನಲ್ಲಿ ಒಂದೇ ಹೆಸರಿನಿಂದ ಇಂಪೋರ್ಟ್ ಮಾಡುವುದು, ಹಾಗಾಗಿ ಎರಡೂ ಒಟ್ಟಿಗೆ ಇದ್ದರೆ ಕಿತ್ತಾಟ. ಎರಡನ್ನೂ ತೆಗೆದುಹಾಕಿ, ಆಮೇಲೆ ಎಫ್‌ಪಿಡಿಎಫ್2 ಒಂದನ್ನೇ ಮತ್ತೆ ಹಾಕಿ.

ಗುಣಿತಗೊಂದಲ:

ಬಂತು!! "ರಾಷ್ಟ್ರೀಯ" ಸರಿಯಾಗಿ ರಾಷ್ಟ್ರೀಯವಾಗಿಯೇ ಬಂತು. ಹಳೇ ಪ್ಯಾಕೇಜ್ ಇದ್ದದ್ದು ನಿಜ, ಯಾವ ಕಾಲದಲ್ಲಿ ಹಾಕಿದ್ದೆನೋ. ಹೆಸರುಗಳ ಉದ್ದವೂ ಸರಿಯಾಗಿದೆ. ಹಿಂದಿಯೂ ಸರಿ.

ಇನ್ನು ಉಳಿದದ್ದು ಎರಡು. "ರ‍್ಯಾಂಕ್" ಎಂಬ ಪದ ಎಲ್ಲಾ ಕಡೆ "ರ್ಯಾಂಕ್" ಆಗಿ ಬರುತ್ತಿದೆ, ಅಂದರೆ ರ ಅಕ್ಷರಕ್ಕೆ ಯ-ಒತ್ತು ಬರುವ ಬದಲು ಯಾ ಅಕ್ಷರಕ್ಕೆ ಅರ್ಕಾವತ್ತು. "ಶ್ಯಾಮ್‌ಸುಂದರ್" ಎಂಬ ಹೆಸರು "ಶ್ಯಾಮ್ಸುಂದರ್" ಆಗಿದೆ. ಎಕ್ಸೆಲ್‌ನಲ್ಲಿ ಎರಡೂ ಸರಿ ಇವೆ. ಇದು ಹಾರ್ಫ್‌ಬಝ್ ತಪ್ಪಾ?

ಮೂರನೇಒತ್ತು:

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಏಕೆಂದರೆ ಇದೇ ತಪ್ಪು ಮಾಡಿ ಒಂದು ಇಡೀ ಪಟ್ಟಿ ಮತ್ತೆ ಮುದ್ರಿಸಿದ್ದೇನೆ. ಎಕ್ಸೆಲ್‌ನಿಂದ ಓದಿದ ಮೇಲೆ ಹೆಸರನ್ನು "ಸ್ವಚ್ಛ" ಮಾಡುವ ಕೋಡ್ ಎಲ್ಲೋ ಇಟ್ಟಿದ್ದೀರಿ, ಅಲ್ವಾ? ಕಾಣದ ಅಕ್ಷರಗಳನ್ನು ತೆಗೆಯುವಂಥದ್ದು?

ಕಾಣದ ಅಕ್ಷರಗಳಲ್ಲಿ ಎರಡು ನಮಗೆ ಬೇಕೇ ಬೇಕು. ಝೀರೋ ವಿಡ್ತ್ ನಾನ್ ಜಾಯ್ನರ್ ಒಂದು, ಝೀರೋ ವಿಡ್ತ್ ಜಾಯ್ನರ್ ಇನ್ನೊಂದು. ಯುನಿಕೋಡ್ ಪಟ್ಟಿಯಲ್ಲಿ ಅಕ್ಕಪಕ್ಕ ಇವೆ, 200ಸಿ ಮತ್ತು 200ಡಿ. ಕನ್ನಡದಲ್ಲಿ ಹಲಂತ ಆದ ಮೇಲೆ ವ್ಯಂಜನ ಬಂದರೆ ಅದು ಒತ್ತಾಗುವುದೇ ರೂಢಿ. ಬೇಡ, ಬಿಡಿಸಿಯೇ ಇರಲಿ ಎಂದು ಹೇಳಲು ನಡುವೆ ನಾನ್ ಜಾಯ್ನರ್ ಇಡುತ್ತೇವೆ. "ಸಾಫ್ಟ್‌ವೇರ್"ನಲ್ಲಿ ಟ್ ಆದ ಮೇಲೆ ಅದು ಇದೆ, ತೆಗೆದರೆ "ಸಾಫ್ಟ್ವೇರ್". ನಿಮ್ಮ ಶ್ಯಾಮ್‌ಸುಂದರ್ ಕಥೆಯೂ ಇದೇ. ಇನ್ನು ರ ಮತ್ತು ಹಲಂತ ಜೊತೆಯಾಗಿ ಬಂದರೆ ಎಂಜಿನ್ ಅರ್ಕಾವತ್ತನ್ನೇ ಮಾಡುತ್ತದೆ. ರ ಪೂರ್ತಿಯಾಗಿ ಇದ್ದು ಮುಂದಿನದು ಒತ್ತಾಗಿ ಬರಬೇಕು ಎಂದರೆ ರ ಆದ ಕೂಡಲೇ, ಹಲಂತಕ್ಕೆ ಮೊದಲು, ಜಾಯ್ನರ್ ಇಡಬೇಕು. "ರ‍್ಯಾಂಕ್"ನಲ್ಲಿ ಇರುವುದು ಅದೇ. ಹಲಂತ ಆದ ಮೇಲೆ ಇಟ್ಟರೆ ಹಾರ್ಫ್‌ಬಝ್ ಒಪ್ಪಿಕೊಂಡರೂ ಅದು ಸರಿಯಾದ ಕ್ರಮವಲ್ಲ, ಹಾಗೆ ಟೈಪ್ ಮಾಡಿದ ಫೈಲುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಇಂಗ್ಲಿಷ್ ಮಾತ್ರ ಗೊತ್ತಿರುವ ಪ್ರೋಗ್ರಾಮರ್‌ಗಳು ಬರೆದ ಸ್ವಚ್ಛತಾ ಕೋಡ್ ಇವೆರಡನ್ನೂ ಕಸ ಎಂದು ಗುಡಿಸಿ ಹಾಕುತ್ತದೆ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ರೆಗೆಕ್ಸ್‌ಗಳು (ಪಠ್ಯ ಹುಡುಕಿ ಬದಲಿಸುವ ಸೂತ್ರಗಳು) ತುಂಬಾ ಸಲ ಹೀಗೇ ಇರುತ್ತವೆ. ಆ ಸಾಲು ತೆಗೆಯಿರಿ.

ಹಾಗೆಯೇ ಇನ್ನೊಂದು ಮಾತು. ಹೆಸರು ಉದ್ದವಾದರೆ ಕತ್ತರಿಸುವ ಕೋಡ್ ಏನಾದರೂ ಇದ್ದರೆ ಅದನ್ನೂ ನೋಡಿ. ಪೈಥಾನ್‌ನಲ್ಲಿ "ರಾಷ್ಟ್ರೀಯ"ದ ಉದ್ದ ಕೇಳಿದರೆ 9 ಎನ್ನುತ್ತದೆ, ನಾವು ಎಣಿಸಿದರೆ ಮೂರೇ ಅಕ್ಷರ. 20ಕ್ಕೆ ಕತ್ತರಿಸು ಎಂದರೆ ಹಲಂತದ ಮೇಲೋ ಒತ್ತಿನ ನಡುವೆಯೋ ಕತ್ತರಿ ಬೀಳುತ್ತದೆ. ಉದ್ದ ಎಣಿಸಬೇಡಿ, ಜೋಡಿಸಿದ ಮೇಲಿನ ಅಗಲ ಅಳೆದು, ಹಿಡಿಸದಿದ್ದರೆ ಅಕ್ಷರದ ಗಾತ್ರ ಇಳಿಸಿ. ಜನರ ಹೆಸರು ಕತ್ತರಿಸುವುದು ಹೇಗೂ ಒಳ್ಳೆಯದಲ್ಲ.

ಗುಣಿತಗೊಂದಲ:

ಸಿಕ್ಕಿಬಿದ್ದೆ. ಆ ಕೋಡ್ ನಾನೇ ಎಲ್ಲಿಂದಲೋ ಎತ್ತಿ ಹಾಕಿದ್ದು. ತೆಗೆದೆ, ಎರಡೂ ಸರಿಯಾದವು. ಕತ್ತರಿಸುವ ಕೋಡ್ ಕೂಡ ಇತ್ತು, 25ಕ್ಕೆ. ಅದೂ ಹೋಯಿತು.

ಡಾಕ್ಸ್‌ದಾರಿ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಪಿಡಿಎಫ್ ಅಲ್ಲ, ಪೈಥಾನ್-ಡಾಕ್ಸ್‌ನಿಂದ ವರ್ಡ್ ಫೈಲ್ ಮಾಡುತ್ತಿದ್ದೇನೆ. ಒತ್ತಕ್ಷರ ಎಲ್ಲಾ ಸರಿ ಇದೆ. ಆದರೆ ನಾನು ಕೊಟ್ಟ ಫಾಂಟ್ ಹಿಡಿಯುವುದೇ ಇಲ್ಲ. ಇಂಗ್ಲಿಷ್ ಪದಗಳಿಗೆ ಮಾತ್ರ ಹಿಡಿಯುತ್ತದೆ, ಕನ್ನಡ ಬೇರೆ ಯಾವುದೋ ಫಾಂಟ್‌ನಲ್ಲಿ, ಬೇರೆ ಗಾತ್ರದಲ್ಲಿ ಇರುತ್ತದೆ. ಇದೂ ಶೇಪಿಂಗಾ?

ತಲೆಕಟ್ಟು:

ಇಲ್ಲ, ವರ್ಡ್ ಫೈಲ್‌ನಲ್ಲಿ ಇರುವುದು ಬರೀ ಪಠ್ಯ, ಶೇಪಿಂಗ್ ಅನ್ನು ತೆರೆಯುವಾಗ ವರ್ಡ್ ತಾನೇ ಮಾಡಿಕೊಳ್ಳುತ್ತದೆ. ನಿಮ್ಮದು ಬೇರೆ ಗಂಟು. ವರ್ಡ್‌ನ ಲೆಕ್ಕದಲ್ಲಿ ಕನ್ನಡ "ಕಾಂಪ್ಲೆಕ್ಸ್ ಸ್ಕ್ರಿಪ್ಟ್". ಅದಕ್ಕೆ ಫಾಂಟ್ ಹೆಸರು, ಗಾತ್ರ, ದಪ್ಪ ಮೂರನ್ನೂ ಬೇರೆ ಕಡೆ ಬರೆದಿಡುತ್ತದೆ. ಪೈಥಾನ್-ಡಾಕ್ಸ್‌ನಲ್ಲಿ ಫಾಂಟ್ ಹೆಸರು ಕೊಟ್ಟರೆ ಅದು ಇಂಗ್ಲಿಷ್‌ನ ಜಾಗದಲ್ಲಿ ಮಾತ್ರ ಬರೆಯುತ್ತದೆ. ಎಕ್ಸ್‌ಎಂಎಲ್‌ಗೆ ಇಳಿದು, ಆರ್‌ಫಾಂಟ್ಸ್ ಎಂಬ ಅಂಶಕ್ಕೆ "ಸಿಎಸ್" ಎಂಬ ಗುಣ ಸೇರಿಸಿ ಕನ್ನಡ ಫಾಂಟಿನ ಹೆಸರು ಕೊಡಬೇಕು. ಗಾತ್ರಕ್ಕೆ "ಎಸ್‌ಝಡ್" ಪಕ್ಕದಲ್ಲಿ "ಎಸ್‌ಝಡ್‌ಸಿಎಸ್" ಬರೆಯಬೇಕು, ಅದು ಅರ್ಧ ಪಾಯಿಂಟ್ ಲೆಕ್ಕ, 12 ಪಾಯಿಂಟ್ ಬೇಕಿದ್ದರೆ 24 ಎಂದು ಕೊಡಿ. ದಪ್ಪಕ್ಷರಕ್ಕೆ "ಸಿಎಸ್ ಬೋಲ್ಡ್" ಎಂದು ಬೇರೆ ಇದೆ. ಪ್ರತಿ ತುಂಡಿಗೂ ಬರೆಯುವ ಬದಲು ಸ್ಟೈಲ್‌ನಲ್ಲಿ ಒಂದು ಸಲ ಹಾಕಿಬಿಡಿ.

ಸಾಲಿನ ಅಂತರವನ್ನು "ಎಕ್ಸಾಕ್ಟ್ಲಿ" ಎಂದು ಕೊಡಬೇಡಿ. ಇಂಗ್ಲಿಷ್ ನೋಡಿ ಕೊಟ್ಟ ಅಳತೆಯಲ್ಲಿ "ಷ್ಟ್ರ", "ಸ್ತ್ರ"ದಂಥವುಗಳ ಎರಡನೇ ಒತ್ತಿನ ಬುಡ ಕತ್ತರಿಸಿ ಹೋಗುತ್ತದೆ.

ಬ್ರೌಸರ್‌ಭಕ್ತ:

ಈ ಬುಡ ಕತ್ತರಿಸುವುದು ಎಚ್‌ಟಿಎಂಎಲ್ ಟೇಬಲ್‌ನಲ್ಲೂ ಆಗುತ್ತದೆ, ಎತ್ತರ ಕಟ್ಟಿಹಾಕಿ ಮಿಕ್ಕದ್ದು ಮರೆಮಾಡು ಎಂದು ಕೊಟ್ಟಿದ್ದರೆ. ಜಾವಾದವರು ಯಾರಾದರೂ ಇದನ್ನು ಓದುತ್ತಿದ್ದರೆ: ಐಟೆಕ್ಸ್ಟ್ ಎಂಬ ಪಿಡಿಎಫ್ ಲೈಬ್ರರಿಯಲ್ಲಿ ಭಾರತೀಯ ಲಿಪಿಗಳಿಗೆ ಪಿಡಿಎಫ್‌ಕ್ಯಾಲಿಗ್ರಾಫ್ ಎಂಬ ಭಾಗ ಬೇರೆ ಬೇಕು, ಅದಕ್ಕೆ ಲೈಸೆನ್ಸ್ ಕೊಳ್ಳಬೇಕು.

ಮೂರನೇಒತ್ತು:

900 ಪತ್ರ ಹಂಚುವ ಮುಂಚೆ ಒಂದು ಪರೀಕ್ಷೆ ಮಾಡಿ. ಪಿಡಿಎಫ್ ತೆರೆದು "ಸೂರ್ಯ" ಎಂಬ ಪದವನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಕಣ್ಣಿಗೆ ಸರಿಯಾಗಿ ಕಾಣುವ ಪಿಡಿಎಫ್‌ನಿಂದಲೂ "ಸೂಯರ್" ಬರಬಹುದು.

ಕಾರಣ ಇಷ್ಟು. ಪಿಡಿಎಫ್‌ನಲ್ಲಿ ಗ್ಲಿಫ್ ಸಂಖ್ಯೆ ಮಾತ್ರ ಇರುತ್ತದೆ ಎಂದು ಮೇಲೆ ಹೇಳಿದ್ದಾರೆ. ಅದನ್ನು ಮತ್ತೆ ಪಠ್ಯ ಮಾಡಲು ಟುಯುನಿಕೋಡ್ ಎಂಬ ಪಟ್ಟಿಯನ್ನು ಜೊತೆಗೆ ಇಟ್ಟಿರುತ್ತಾರೆ, ಇಂಥ ಗ್ಲಿಫ್ ಎಂದರೆ ಇಂಥ ಅಕ್ಷರ ಎಂದು. ಅರ್ಕಾವತ್ತಿನ ಗ್ಲಿಫ್‌ಗೆ "ರ್" ಎಂದು ಬರೆದಿರುತ್ತದೆ. ಅದು ಸರಿಯೇ, ಆದರೆ ಆ ಗ್ಲಿಫ್ ಕೂತಿರುವುದು ಯ ಆದ ಮೇಲೆ. ಕಾಪಿ ಮಾಡುವ ತಂತ್ರಾಂಶ ಕಂಡ ಕ್ರಮದಲ್ಲೇ ಓದಿಕೊಂಡು ಹೋಗುತ್ತದೆ, ಹಾಗಾಗಿ ಸೂ, ಯ, ರ್. ಕನ್ನಡ ಪಿಡಿಎಫ್‌ಗಳಲ್ಲಿ "ಕಾಯರ್ಕ್ರಮ", "ವಷರ್" ಎಂದೆಲ್ಲ ಬಂದಿರುವುದನ್ನು ನೀವೂ ಕಂಡಿರುತ್ತೀರಿ. ಮೂಲದಲ್ಲಿ ಬರೆದವರ ತಪ್ಪಲ್ಲ ಅದು.

ಇದಕ್ಕೆ ಪಿಡಿಎಫ್‌ನಲ್ಲೇ ಮದ್ದಿದೆ, ಆಕ್ಚುವಲ್‌ಟೆಕ್ಸ್ಟ್ ಎನ್ನುತ್ತಾರೆ. ಈ ಗ್ಲಿಫ್ ಗುಂಪಿನ ನಿಜವಾದ ಪಠ್ಯ ಇದು ಎಂದು ಪಕ್ಕದಲ್ಲಿ ಬರೆದಿಡುವುದು. ಝೀಟೆಕ್ ಎಂಬ ಪುಟ ಜೋಡಿಸುವ ತಂತ್ರಾಂಶ ಬಳಸುವವರಿಗೆ ಇದನ್ನು ತಾನಾಗಿ ಬರೆಯಿಸುವ ಒಂದು ಸೆಟ್ಟಿಂಗ್ ಇದೆ, ಪುಸ್ತಕ ಮಾಡುವವರಾದರೆ ನಾನು ಆ ದಾರಿಯನ್ನೇ ಹಿಡಿಯಿರಿ ಎನ್ನುತ್ತೇನೆ. ಬೇರೆ ಕಡೆ ಆ ಸೌಲಭ್ಯ ಇಲ್ಲದಿದ್ದರೆ ಸುಲಭದ ಉಪಾಯ ಒಂದಿದೆ. ಪಿಡಿಎಫ್‌ನ ಶೀರ್ಷಿಕೆಯ ಮೆಟಾಡೇಟಾದಲ್ಲಿ (ಫೈಲಿನ ಬಗೆಗಿನ ವಿವರದಲ್ಲಿ) ಪೂರ್ತಿ ಹೆಸರನ್ನು ಯುನಿಕೋಡ್‌ನಲ್ಲಿ ಬರೆದಿಡಿ. ಫೈಲ್ ಹುಡುಕುವುದಕ್ಕೆ ಅಷ್ಟು ಸಾಕಾಗುತ್ತದೆ.

ಪರೀಕ್ಷೆಗೆ ನಾನು ಯಾವಾಗಲೂ ಒಂದೇ ಸಾಲು ಇಟ್ಟುಕೊಂಡಿದ್ದೇನೆ: ಸೂರ್ಯ, ಸ್ತ್ರೀ, ರಾಷ್ಟ್ರೀಯ, ಜ್ಞಾನ, ಕ್ಷೌರ, ಕೃಪೆ, ಶಾಸ್ತ್ರೋಕ್ತ, ರ‍್ಯಾಂಕ್, ಸಾಫ್ಟ್‌ವೇರ್. ಇಷ್ಟು ಸರಿ ಬಂದರೆ ಮಿಕ್ಕದ್ದಕ್ಕೆ ಹೆದರಬೇಕಿಲ್ಲ.

ಗುಣಿತಗೊಂದಲ:

ಮಾಡಿದೆ. ನನ್ನದರಲ್ಲೂ ಕೆಲವು ಕಡೆ ಅರ್ಕಾವತ್ತು ಹಿಂದೆಮುಂದೆ ಆಗುತ್ತಿದೆ, ಶೀರ್ಷಿಕೆಯಲ್ಲಿ ಹೆಸರು ಬರೆಯುವ ಉಪಾಯ ಹಾಕಿಕೊಂಡೆ.

ಹುಡುಕಿ ನೋಡುವಾಗ ಇನ್ನೊಂದು ಸಿಕ್ಕಿತು. "ಸಂಗೀತಾ" ಎಂದು ಹುಡುಕಿದರೆ ಪಟ್ಟಿಯಲ್ಲಿರುವ ಮೂವರಲ್ಲಿ ಇಬ್ಬರೇ ಸಿಗುತ್ತಾರೆ. ಮೂರನೆಯವರ ಹೆಸರೂ ಕಣ್ಣಿಗೆ ಹಾಗೇ ಇದೆ, ಒಂದು ಕೂದಲಿನಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಮೆಟಾಡೇಟಾದಲ್ಲೂ ಇಲ್ಲ. ಎಕ್ಸೆಲ್‌ನಲ್ಲೂ ಸಿಗುವುದಿಲ್ಲ!

ಮೂರನೇಒತ್ತು:

ಹಾ ಹಾ. ಆ ಹೆಸರಿನ ಸೊನ್ನೆಯನ್ನು ಒಂದೇ ಕಾಪಿ ಮಾಡಿ ಅದರ ಯುನಿಕೋಡ್ ಸಂಖ್ಯೆ ನೋಡಿ. ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆ ಹಾಕಿರುತ್ತಾರೆ. "ಸ೦ಗೀತಾ".

ಗುಣಿತಗೊಂದಲ:

ಅಯ್ಯೋ ಹೌದು! ಸ್ಕ್ರಿಪ್ಟ್ ಬರೆದು ಎಣಿಸಿದೆ, 41 ಹೆಸರಲ್ಲಿ ಹೀಗಿದೆ. ಒಬ್ಬರೇ ಟೈಪ್ ಮಾಡಿದ ಹಾಳೆ ಇರಬೇಕು. ಎಲ್ಲಾ ೦ ತೆಗೆದು ಅನುಸ್ವಾರ ಹಾಕಿಬಿಡಲಾ?

ತಲೆಕಟ್ಟು:

ಎಲ್ಲವನ್ನೂ ಬೇಡ! ಹಾಳೆಯಲ್ಲಿ ೧೦, ೨೦೨೪ ಎಂದೆಲ್ಲ ಕನ್ನಡ ಅಂಕಿಯ ದಿನಾಂಕ ಇದ್ದರೆ ಅವೂ ಹಾಳಾಗುತ್ತವೆ. ಸೊನ್ನೆಯ ಹಿಂದೆ ಕನ್ನಡ ಅಕ್ಷರವೋ ಗುಣಿತದ ಚಿಹ್ನೆಯೋ ಇದ್ದಾಗ ಮಾತ್ರ ಬದಲಿಸಿ. ಹಿಂದೆ ಅಂಕಿ ಇದ್ದರೆ ಮುಟ್ಟಬೇಡಿ.

ಗುಣಿತಗೊಂದಲ:

ಸರಿ ಸರ್. ಹಾಗೇ ಮಾಡಿದೆ, 41ಕ್ಕೆ 41 ಸರಿಯಾದವು, ದಿನಾಂಕಗಳು ಹಾಗೇ ಇವೆ. ಈಗ ಮುದ್ರಣಕ್ಕೆ ಕಳಿಸುತ್ತಿದ್ದೇನೆ.